ಕ್ವಿಕ್‌ಸ್ಯಾಂಡ್ ನುಂಗುವುದಿಲ್ಲ, ಹಿಡಿದುಕೊಳ್ಳುತ್ತದೆ

ಹಳೇ ಸಾಹಸದ ಸಿನಿಮಾಗಳಲ್ಲಿ ಒಂದು ದೃಶ್ಯ ಇರುತ್ತಿತ್ತು. ಕಾಡಿನಲ್ಲಿ ಓಡುತ್ತಿದ್ದ ಖಳನಾಯಕ ಮರಳಿಗೆ ಕಾಲಿಡುತ್ತಾನೆ. ಮೊಣಕಾಲು, ಸೊಂಟ, ಎದೆ, ಕುತ್ತಿಗೆ, ಆಮೇಲೆ ಬರೀ ಒಂದು ಕೈ, ಕೊನೆಗೆ ಮೇಲೆ ಉಳಿಯುವುದು ಟೋಪಿ ಮಾತ್ರ. ನೋಡುವಾಗ ಮೈ ಜುಮ್ಮೆನ್ನುತ್ತಿತ್ತು, ಅಲ್ವಾ? ಆ ದೃಶ್ಯದಲ್ಲಿ ಸೊಂಟದವರೆಗಿನದು ನಿಜ. ಅಲ್ಲಿಂದ ಮುಂದೆ ಎಲ್ಲ ಬೊಗಳೆ.

ಹಾಗಂತ ಅಪಾಯವೇ ಇಲ್ಲ ಎಂದು ತಿಳಿಯಬೇಡಿ. ಇಂಥ ಮರಳಿನಲ್ಲಿ ಸಿಕ್ಕಿದವರು ಸತ್ತ ಘಟನೆಗಳಿವೆ. ಅವರ ಜೀವ ತೆಗೆದದ್ದು ಕಾಲು ಸಿಕ್ಕಿಕೊಂಡಿದ್ದಾಗ ಬಂದ ಬೇರೆ ಏನೋ: ಉಬ್ಬರದ ನೀರು, ಕೊರೆಯುವ ಚಳಿ, ಬಿಸಿಲು, ಬಾಯಾರಿಕೆ. ಇಷ್ಟು ತಲೆಯಲ್ಲಿದ್ದರೆ ಏನು ಮಾಡಬೇಕು ಅನ್ನುವುದೂ ಅರ್ಧ ತಿಳಿದ ಹಾಗೆ. ಮುಳುಗಿಹೋಗುತ್ತೇನೆ ಅಂತ ಹೆದರಿದವರು ಕೈಕಾಲು ಬಡಿಯುತ್ತಾರೆ. ಮುಳುಗುವುದಿಲ್ಲ, ಆದರೆ ಹೊತ್ತು ಮೀರುತ್ತಿದೆ ಅಂತ ಗೊತ್ತಿರುವವರು ಬೇರೆ ಥರ ಯೋಚಿಸುತ್ತಾರೆ.

ಮೊದಲು ಇದು ಏನು ಅಂತ ನೋಡೋಣ. ಕ್ವಿಕ್‌ಸ್ಯಾಂಡ್ ಅಂತ ಬೇರೆ ಜಾತಿಯ ಮರಳೇನೂ ಇಲ್ಲ. ಅದೇ ಮಾಮೂಲಿ ಮರಳು, ಜೊತೆಗೆ ನೀರು, ಸ್ವಲ್ಪ ಜೇಡಿಮಣ್ಣು, ಎಷ್ಟೋ ಕಡೆ ಉಪ್ಪು. ಗುಟ್ಟು ಇರುವುದು ಅದು ಕೂತಿರುವ ರೀತಿಯಲ್ಲಿ. ಸೇರಿನಲ್ಲಿ ಅಕ್ಕಿ ಅಳೆಯುವುದನ್ನು ನೋಡಿದ್ದೀರಲ್ಲ? ಸುಮ್ನೆ ಸುರಿದರೆ ಸೇರು ತುಂಬಿದ ಹಾಗೆ ಕಾಣುತ್ತದೆ, ನೆಲಕ್ಕೆ ಎರಡು ಸಲ ಕುಟ್ಟಿದರೆ ಅಕ್ಕಿ ಕೆಳಗಿಳಿದು ಇನ್ನೊಂದು ಹಿಡಿಗೆ ಜಾಗ ಆಗುತ್ತದೆ. ಕ್ವಿಕ್‌ಸ್ಯಾಂಡ್ ಇನ್ನೂ ಕುಟ್ಟದ ಸೇರು. ಕಣಗಳು ಒಂದಕ್ಕೊಂದು ಹಾಗೇ ತಾಗಿಕೊಂಡು ಸಡಿಲವಾಗಿ ನಿಂತಿರುತ್ತವೆ, ನಡುವಿನ ಜಾಗದಲ್ಲೆಲ್ಲ ನೀರು. ಜೇಡಿಮಣ್ಣು ಆ ಸಡಿಲ ಜೋಡಣೆಯನ್ನು ಬೀಳದಂತೆ ಹಿಡಿದಿಟ್ಟಿರುತ್ತದೆ. ಮೇಲಿನಿಂದ ನೋಡಿದರೆ ಗಟ್ಟಿ ನೆಲ. ಹಕ್ಕಿ ನಡೆದರೆ ಏನೂ ಆಗುವುದಿಲ್ಲ. ಮನುಷ್ಯ ಕಾಲಿಟ್ಟರೆ ಆ ಒತ್ತಡಕ್ಕೆ ಜೋಡಣೆ ಕುಸಿಯುತ್ತದೆ, ಒಂದನ್ನೊಂದು ಹೊತ್ತು ನಿಂತಿದ್ದ ಕಣಗಳು ಬಿಡಿಬಿಡಿಯಾಗಿ ನೀರಿನಲ್ಲಿ ತೇಲುತ್ತವೆ, ಒಂದು ಕ್ಷಣದ ಹಿಂದೆ ನೆಲವಾಗಿದ್ದದ್ದು ಈಗ ಗಂಜಿ.

ಇಂಥ ಸಡಿಲ ಮರಳು ಎಲ್ಲೆಂದರಲ್ಲಿ ಆಗುವುದಿಲ್ಲ. ನೀರು ಬೇಕು, ಅದೂ ಮರಳಿನ ಒಳಗಿಂದ ಬರುವ ನೀರು. ಕೆಳಗಿನಿಂದ ಊಟೆ ಚಿಮ್ಮುವ ಕಡೆ, ನದಿಯ ತಿರುವಿನಲ್ಲಿ, ಅಳಿವೆಯಲ್ಲಿ, ಉಬ್ಬರ ಇಳಿದ ಮೇಲೆ ಬಯಲಾಗುವ ಸಮುದ್ರದ ತಳದಲ್ಲಿ, ಉಪ್ಪಿನ ಸರೋವರದ ದಡದಲ್ಲಿ ಇದು ಸಿಗುತ್ತದೆ. ಕೆಳಗಿನಿಂದ ಮೇಲೆ ಬರುವ ನೀರು ಕಣಗಳನ್ನು ಸ್ವಲ್ಪ ಎತ್ತಿ ಹಿಡಿಯುತ್ತದೆ. ಆ ಎತ್ತುವ ಬಲ ಕಣಗಳ ತೂಕಕ್ಕೆ ಸಮವಾದರೆ ಕಣಗಳ ನಡುವಿನ ಹಿಡಿತ ಸೊನ್ನೆಯಾಗುತ್ತದೆ. ಅಣೆಕಟ್ಟು ಕಟ್ಟುವ ಎಂಜಿನಿಯರುಗಳು ಇದಕ್ಕೆ ತುಂಬಾ ಹೆದರುತ್ತಾರೆ. ಕಟ್ಟೆಯ ಕೆಳಮಗ್ಗುಲಲ್ಲಿ ಮರಳು ಗುಳುಗುಳು ಕುದಿಯುವ ಹಾಗೆ ಕಂಡರೆ, ಕೆಳಗಿನ ಮಣ್ಣನ್ನು ನೀರು ಹೊತ್ತೊಯ್ಯುತ್ತಿದೆ ಅಂತ ಅವರಿಗೆ ಗೊತ್ತಾಗಿಬಿಡುತ್ತದೆ.

ಇದೇ ಕೆಲಸವನ್ನು ಭೂಕಂಪ ಮಾಡಿದರೆ ಊರಿಗೆ ಊರೇ ಕ್ವಿಕ್‌ಸ್ಯಾಂಡ್ ಆಗುತ್ತದೆ. 1964ರಲ್ಲಿ ಜಪಾನಿನ ನೀಗಾಟಾದಲ್ಲಿ ಹಾಗೇ ಆಯಿತು. ಅಲ್ಲಿನ ಅಪಾರ್ಟ್‌ಮೆಂಟುಗಳ ಗೋಡೆ ಹೆಚ್ಚು ಕಡಿಮೆ ಹಾಗೇ ಇತ್ತು, ಕೆಳಗಿನ ನೆಲವೇ ನೀರಾದ್ದರಿಂದ ಕಟ್ಟಡಗಳು ನಿಧಾನಕ್ಕೆ ವಾಲಿ ಮಲಗಿದವು. ನಮ್ಮಲ್ಲೇ 1934ರ ಬಿಹಾರ ಭೂಕಂಪದಲ್ಲಿ, 2001ರ ಜನವರಿ 26ರ ಭುಜ್ ಭೂಕಂಪದಲ್ಲಿ ನೆಲದಿಂದ ಮರಳು ನೀರು ಬುಗ್ಗೆಯಂತೆ ಎದ್ದವು. ಕಛ್ಛದ ರಣದ ಬಯಲು ಎಷ್ಟೋ ದೂರ ಒದ್ದೆಯಾಗಿಬಿಟ್ಟಿತ್ತು.

ಸರಿ, ಮನುಷ್ಯ ಎಷ್ಟು ಆಳ ಹೋಗುತ್ತಾನೆ ಅನ್ನುವ ಪ್ರಶ್ನೆಗೆ ಬರೋಣ. ಇದನ್ನು ಪ್ರಯೋಗ ಮಾಡಿ ನೋಡಿದವರು ನೆದರ್‌ಲ್ಯಾಂಡ್ಸ್‌ನ ಆಮ್‌ಸ್ಟರ್‌ಡ್ಯಾಂ ವಿಶ್ವವಿದ್ಯಾಲಯದ ಭೌತವಿಜ್ಞಾನಿ ಡೇನಿಯಲ್ ಬಾನ್ ಮತ್ತು ಅವರ ಜೊತೆಗಾರರು. ಇರಾನಿನ ಖೋಮ್ ನಗರದ ಹತ್ತಿರ ಒಂದು ಉಪ್ಪಿನ ಸರೋವರ ಇದೆ. ಅದರ ದಡದಲ್ಲಿ ಒಂಟೆಗಳೇ ಮಾಯವಾಗಿವೆ ಅಂತ ಅಲ್ಲಿನ ಕುರಿಗಾಹಿಗಳು ಹೇಳಿದರಂತೆ. ಬಾನ್ ಅಲ್ಲಿಯ ಮರಳನ್ನು ತಂದರು, ಪರೀಕ್ಷಿಸಿ ಅದರಲ್ಲಿ ಏನೇನಿದೆ ನೋಡಿದರು, ಆಮೇಲೆ ಅದೇ ಅಳತೆಯಲ್ಲಿ ಮರಳು, ಜೇಡಿಮಣ್ಣು, ಉಪ್ಪುನೀರು ಬೆರೆಸಿ ಲ್ಯಾಬಿನಲ್ಲೇ ಕ್ವಿಕ್‌ಸ್ಯಾಂಡ್ ತಯಾರಿಸಿದರು. ಮನುಷ್ಯನ ದೇಹದಷ್ಟೇ ಸಾಂದ್ರತೆ ಇರುವ ಚಿಕ್ಕ ಗುಂಡುಗಳನ್ನು ಅದರ ಮೇಲಿಟ್ಟು ಅಲ್ಲಾಡಿಸಿದರು. ಗುಂಡು ಇಳಿಯಿತು, ಆದರೆ ಅರ್ಧದಷ್ಟೇ. ಎಷ್ಟು ಅಲ್ಲಾಡಿಸಿದರೂ ಅದಕ್ಕಿಂತ ಕೆಳಗೆ ಹೋಗಲಿಲ್ಲ. 2005ರಲ್ಲಿ ಈ ಫಲಿತಾಂಶ ನೇಚರ್ ಪತ್ರಿಕೆಯಲ್ಲಿ ಬಂತು.

ಕಾರಣ ಶಾಲೆಯಲ್ಲಿ ಓದಿದ ಆರ್ಕಿಮಿಡೀಸ್‌ನದೇ, ಹೊಸದೇನಲ್ಲ. ನೀರಿನ ಒಂದು ಲೀಟರು ಒಂದು ಕಿಲೋ ತೂಗುತ್ತದೆ. ನಮ್ಮ ದೇಹವೂ ಹೆಚ್ಚು ಕಡಿಮೆ ಅಷ್ಟೇ, ಅದಕ್ಕೇ ನೀರಿನಲ್ಲಿ ತೇಲುವುದೋ ಮುಳುಗುವುದೋ ಅನ್ನುವ ಸ್ಥಿತಿಯಲ್ಲಿ ಇರುತ್ತೇವೆ. ಮೃತ ಸಮುದ್ರದ ನೀರು ಲೀಟರಿಗೆ ಸುಮಾರು 1.24 ಕಿಲೋ. ಅಷ್ಟಕ್ಕೇ ಅಲ್ಲಿ ಜನ ನೀರಿನ ಮೇಲೆ ಮಲಗಿ ಪೇಪರ್ ಓದುತ್ತಾರೆ. ಕ್ವಿಕ್‌ಸ್ಯಾಂಡ್ ಲೀಟರಿಗೆ ಸುಮಾರು 2 ಕಿಲೋ! ನಮ್ಮ ಎರಡರಷ್ಟು ಭಾರದ ದ್ರವದಲ್ಲಿ ನಾವು ಅರ್ಧ ಮುಳುಗಿದರೆ ಸಾಕು, ನಮ್ಮ ತೂಕದಷ್ಟು ಮರಳನ್ನು ಪಕ್ಕಕ್ಕೆ ಸರಿಸಿದಂತಾಗುತ್ತದೆ. ಅಲ್ಲಿಗೆ ನಿಂತಿತು. ನಿಂತ ಭಂಗಿಯಲ್ಲಿ ಅರ್ಧ ಅಂದರೆ ಸೊಂಟದ ಆಸುಪಾಸು. ಬೆನ್ನ ಮೇಲೆ ದೊಡ್ಡ ಹೊರೆ ಇದ್ದರೆ ಇನ್ನೂ ಸ್ವಲ್ಪ ಇಳಿಯಬಹುದು. ತಲೆಕೆಳಗಾಗಿ ಬಿದ್ದರೆ ಮಾತು ಬೇರೆ, ಆದರೆ ಹಾಗೆ ಬೀಳುವವರು ಕಡಿಮೆ.

ಇಲ್ಲಿ ಒಂದು ಅಡ್ಡಮಾತು ಹೇಳಲೇಬೇಕು. ಸಿನಿಮಾದಲ್ಲಿ ತೋರಿಸುವ ಹಾಗೆ ಮನುಷ್ಯರನ್ನು ಪೂರ್ತಿ ನುಂಗುವ ಜಾಗವೊಂದು ನಿಜಕ್ಕೂ ಇದೆ. ಅದು ಧಾನ್ಯದ ಸೈಲೋ. ದೊಡ್ಡ ಉಕ್ಕಿನ ಕಣಜದಲ್ಲಿ ಜೋಳವೋ ಗೋಧಿಯೋ ತುಂಬಿದೆ, ಕೆಳಗಿನಿಂದ ಯಂತ್ರ ಕಾಳನ್ನು ಎಳೆಯುತ್ತಿದೆ, ಆಗ ಮೇಲೆ ನಿಂತ ಕೆಲಸಗಾರ ಕೆಲವೇ ಸೆಕೆಂಡುಗಳಲ್ಲಿ ಒಳಗೆ ಹೋಗುತ್ತಾನೆ. ಕಾಳಿನ ನಡುವೆ ಇರುವುದು ಗಾಳಿ, ಹಾಗಾಗಿ ಒಂದು ಲೀಟರು ಕಾಳು ಒಂದು ಕಿಲೋಕ್ಕಿಂತ ಹಗುರ. ಅದರಲ್ಲಿ ನಾವು ತೇಲುವುದಿಲ್ಲ. ಅಮೆರಿಕದ ಹೊಲಮನೆಗಳಲ್ಲಿ ಇಂಥ ಸಾವುಗಳು ಈಗಲೂ ಆಗುತ್ತಿವೆ. ಎದೆಯ ತನಕ ಕಾಳಿನಲ್ಲಿ ಹೂತವರನ್ನು ಹಗ್ಗ ಹಾಕಿ ಎಳೆಯುವುದಿಲ್ಲ. ಸುತ್ತ ತಗಡಿನ ಹಲಗೆಗಳನ್ನು ಇಳಿಸಿ ಒಂದು ಬಾವಿಯ ಗೋಡೆ ಮಾಡಿ, ಒಳಗಿನ ಕಾಳನ್ನು ಮೊಗೆದು ತೆಗೆಯುತ್ತಾರೆ. ಇಷ್ಟು ಭಯಾನಕ ವಿಷಯವನ್ನು ಬಿಟ್ಟು ಸಿನಿಮಾದವರು ಪಾಪದ ಮರಳಿನ ಮೇಲೆ ಯಾಕೆ ಬಿದ್ದರೋ.

ಒಣ ಮರುಭೂಮಿಯ ಮರಳೂ ಜನರನ್ನು ನುಂಗುತ್ತದೆ ಅನ್ನುವ ಕಥೆಗಳಿವೆ. ನೆದರ್‌ಲ್ಯಾಂಡ್ಸ್‌ನದೇ ಟ್ವೆಂಟೆ ವಿಶ್ವವಿದ್ಯಾಲಯದವರು 2004ರಲ್ಲಿ ಅತಿ ನುಣ್ಣನೆಯ ಮರಳಿಗೆ ಕೆಳಗಿನಿಂದ ಗಾಳಿ ಊದಿ ಸಡಿಲಗೊಳಿಸಿದರು, ಗಾಳಿ ನಿಲ್ಲಿಸಿದರು, ಭಾರ ತುಂಬಿದ ಪಿಂಗ್‌ಪಾಂಗ್ ಚೆಂಡನ್ನು ಅದರ ಮೇಲಿಟ್ಟರು. ಅದು ಸರ್ರನೆ ಒಳಗೆ ಹೋಗಿ ಮೇಲೆ ಮರಳಿನ ಕಾರಂಜಿ ಎದ್ದಿತು. ಅಂದರೆ ಲ್ಯಾಬಿನಲ್ಲಿ ಸಾಧ್ಯ. ಮರುಭೂಮಿಯಲ್ಲಿ ಗಾಳಿ ಊದಿ ಕೊಡುವವರು ಯಾರು?

ಈಗ ಕಷ್ಟದ ಭಾಗ. ಮುಳುಗುವುದಿಲ್ಲ ಅಂದಮೇಲೆ ಎದ್ದು ಬರಬಹುದಲ್ಲ? ಬರಲಾಗುವುದಿಲ್ಲ, ಯಾಕೆಂದರೆ ಕುಸಿದ ಮರಳು ಗಂಜಿಯಾಗಿಯೇ ಉಳಿಯುವುದಿಲ್ಲ. ಕುಟ್ಟಿದ ಸೇರಿನ ಅಕ್ಕಿಯ ಹಾಗೆ ಕಣಗಳು ಕೆಳಗಿಳಿದು ಒತ್ತಾಗಿ ಕೂರುತ್ತವೆ, ನೀರು ಮೇಲೆ ಬರುತ್ತದೆ. ಉಪ್ಪು ಇದ್ದರೆ ಇದು ಇನ್ನೂ ಬೇಗ, ಯಾಕೆಂದರೆ ಉಪ್ಪುನೀರಿನಲ್ಲಿ ಜೇಡಿಯ ಕಣಗಳು ಒಂದಕ್ಕೊಂದು ಅಂಟಿ ಗಂಟುಗಳಾಗುತ್ತವೆ. ಮೇಲೆ ತಿಳಿನೀರು, ಕೆಳಗೆ ಕಾಲಿನ ಸುತ್ತ ಕಾಂಕ್ರೀಟಿಗೆ ಹತ್ತಿರದ ಗಟ್ಟಿ ಮರಳು. ಒಳಗೆ ಹೋಗುವಾಗ ಸಡಿಲ, ಹೊರಗೆ ಬರುವಾಗ ಬಿಗಿ. ಬಾನ್ ಅವರ ಲೆಕ್ಕದ ಪ್ರಕಾರ ಇಂಥ ಮರಳಿನಿಂದ ಕಾಲನ್ನು ಸೆಕೆಂಡಿಗೆ ಒಂದು ಸೆಂಟಿಮೀಟರ್ ವೇಗದಲ್ಲಿ ಎಳೆಯಲು ಬೇಕಾದ ಬಲ ಸುಮಾರು 10,000 ನ್ಯೂಟನ್. ಸಾಧಾರಣ ಗಾತ್ರದ ಕಾರನ್ನು ನೆಲದಿಂದ ಎತ್ತಲು ಬೇಕಾದಷ್ಟು! ನಾಲ್ಕು ಜನ ಸೇರಿ ಕೈ ಹಿಡಿದು ಜಗ್ಗಿದರೆ ಮರಳು ಬಿಡುವ ಮೊದಲು ತೋಳಿನ ಕೀಲು ಬಿಡುತ್ತದೆ.

ಈ ಬಿಗಿತ ಎಲ್ಲಿಂದ ಬರುತ್ತದೆ ಅಂತ ತಿಳಿಯಲು ಕಡಲತೀರಕ್ಕೆ ಹೋದರೆ ಸಾಕು. ಅಲೆ ಹಿಂದೆ ಸರಿದ ಮೇಲೆ ಒದ್ದೆ ಮರಳಿನ ಮೇಲೆ ಕಾಲಿಟ್ಟು ನೋಡಿ. ಪಾದದ ಸುತ್ತ ಒಂದು ಅಗಲದ ಮರಳು ಥಟ್ಟನೆ ಒಣಗಿದ ಹಾಗೆ ಬೆಳ್ಳಗಾಗುತ್ತದೆ. ಮಲ್ಪೆಯಲ್ಲೋ ಗೋಕರ್ಣದಲ್ಲೋ ನಡೆದವರೆಲ್ಲ ಇದನ್ನು ನೋಡಿರುತ್ತಾರೆ, ಯಾಕೆ ಅಂತ ಕೇಳಿಕೊಂಡವರು ಕಡಿಮೆ. ತೂಕ ಬಿದ್ದರೆ ನೀರು ಹಿಂಡಿ ಹೊರಗೆ ಬರಬೇಕಿತ್ತು, ಇಲ್ಲಿ ಒಳಗೆ ಹೋಗಿದೆ! ಮ್ಯಾಂಚೆಸ್ಟರಿನಲ್ಲಿ ಪ್ರೊಫೆಸರ್ ಆಗಿದ್ದ ಆಸ್ಬರ್ನ್ ರೆನಾಲ್ಡ್ಸ್ 1885ರಲ್ಲಿ ಇದನ್ನು ಬಿಡಿಸಿ ಹೇಳಿದರು. ಒತ್ತಾಗಿ ಕೂತ ಕಣಗಳು ಅಲುಗಬೇಕಾದರೆ ಒಂದರ ಮೇಲೊಂದು ಹತ್ತಿ ದಾಟಬೇಕು, ಹಾಗೆ ಹತ್ತುವಾಗ ನಡುವಿನ ಜಾಗ ಹೆಚ್ಚುತ್ತದೆ, ಹೆಚ್ಚಿದ ಜಾಗಕ್ಕೆ ಮೇಲಿನ ನೀರು ಇಳಿಯುತ್ತದೆ. ಅದಕ್ಕೇ ಮೇಲ್ಮೈ ಒಣಗಿದಂತೆ ಕಾಣುವುದು.

ಹೂತ ಕಾಲಿನ ಕಥೆಯೂ ಅದೇ. ಕಾಲು ಮೇಲೆ ಬರಬೇಕಾದರೆ ಸುತ್ತಲಿನ ಒತ್ತು ಮರಳು ಸ್ವಲ್ಪ ಅರಳಬೇಕು. ಅರಳಬೇಕಾದರೆ ನೀರು ಒಳಗೆ ಬರಬೇಕು. ಸಣ್ಣ ಕಣಗಳ ಸಂದಿಯಲ್ಲಿ ನೀರು ನುಗ್ಗಲು ಸಮಯ ಬೇಕು. ಜೋರಾಗಿ ಎಳೆದರೆ ನೀರು ಬರುವಷ್ಟರಲ್ಲಿ ಪಾದದ ಕೆಳಗೆ ನಿರ್ವಾತ ಉಂಟಾಗಿ ಕಾಲನ್ನು ಹಿಡಿದು ಹೀರುತ್ತದೆ. ನಿಧಾನವಾಗಿ ಅಲ್ಲಾಡಿಸಿದರೆ ನೀರು ಬರಲು ದಾರಿ ಸಿಗುತ್ತದೆ. ತಪ್ಪಿಸಿಕೊಳ್ಳುವ ಎಲ್ಲ ಉಪಾಯಗಳೂ ಈ ಒಂದು ಮಾತಿನಿಂದ ಹುಟ್ಟಿದವು: ಕಾಲಿನ ಬುಡಕ್ಕೆ ನೀರು ಹೋಗಬೇಕು.

ಉಪಾಯಕ್ಕೆ ಹೋಗುವ ಮೊದಲು, ಜನ ನಿಜಕ್ಕೂ ಹೇಗೆ ಸಾಯುತ್ತಾರೆ ನೋಡೋಣ. ಇಂಗ್ಲೆಂಡಿನ ವಾಯವ್ಯ ತೀರದಲ್ಲಿ ಮೋರ್‌ಕ್ಯಾಂಬ್ ಕೊಲ್ಲಿ ಇದೆ. ಉಬ್ಬರ–ಇಳಿತದ ಎತ್ತರ ಹತ್ತು ಮೀಟರಿನಷ್ಟು. ಇಳಿತದಲ್ಲಿ ಸಮುದ್ರ ಕಿಲೋಮೀಟರುಗಟ್ಟಲೆ ಹಿಂದೆ ಹೋಗಿ, ಕಣ್ಣು ಹಾಯಿಸಿದಷ್ಟು ದೂರ ಮರಳು ಬಯಲಾಗುತ್ತದೆ. 1857ರಲ್ಲಿ ರೈಲು ಬರುವ ತನಕ ಕುದುರೆ ಗಾಡಿಗಳು ಈ ಮರಳಿನ ಮೇಲೇ ಕೊಲ್ಲಿ ದಾಟುತ್ತಿದ್ದವು. ನದಿಗಳು ದಾರಿ ಬದಲಿಸಿದ ಹಾಗೆ ಹೂಳುವ ಜಾಗವೂ ಬದಲಾಗುತ್ತದೆ, ನಿನ್ನೆ ಗಟ್ಟಿ ಇದ್ದದ್ದು ಇವತ್ತು ಇರುವುದಿಲ್ಲ. ಅದಕ್ಕೇ 16ನೇ ಶತಮಾನದಿಂದ ಅಲ್ಲಿ ರಾಜಮನೆತನವೇ ನೇಮಿಸುವ ಒಬ್ಬ ದಾರಿ ತೋರಿಸುವವನಿದ್ದಾನೆ. ಸಂಬಳ ವರ್ಷಕ್ಕೆ 15 ಪೌಂಡ್, ಜೊತೆಗೆ ಇರಲು ಒಂದು ಮನೆ. ಸೆಡ್ರಿಕ್ ರಾಬಿನ್‌ಸನ್ ಎಂಬ ಮೀನುಗಾರ 1963ರಿಂದ 2019ರವರೆಗೆ ಈ ಕೆಲಸ ಮಾಡಿದರು. ಕೋಲಿನಿಂದ ನೆಲ ಚುಚ್ಚಿ ನೋಡುವುದು, ದಾರಿಯುದ್ದಕ್ಕೂ ಲಾರೆಲ್ ಗಿಡದ ರೆಂಬೆ ನೆಟ್ಟು ಗುರುತು ಮಾಡುವುದು, ಆಮೇಲೆ ನೂರಾರು ಜನರನ್ನು ಹಿಂದಿಟ್ಟುಕೊಂಡು ಬರಿಗಾಲಲ್ಲಿ ದಾಟಿಸುವುದು.

ಇದೇ ಕೊಲ್ಲಿಯಲ್ಲಿ 2004ರ ಫೆಬ್ರವರಿ 5ರ ರಾತ್ರಿ ಚಿಪ್ಪುಮೀನು ಆರಿಸಲು ಹೋಗಿದ್ದ ಚೀನಾದ ಕೂಲಿಗಳು, ಕನಿಷ್ಠ 21 ಜನ, ಸತ್ತರು. ಅವರನ್ನು ಮರಳು ನುಂಗಲಿಲ್ಲ. ಕತ್ತಲಲ್ಲಿ ಉಬ್ಬರ ಅವರನ್ನು ಸುತ್ತುವರಿಯಿತು, ನೀರು ಮೈ ಕೊರೆಯುವಷ್ಟು ತಣ್ಣಗಿತ್ತು, ದಾರಿ ಗೊತ್ತಿರಲಿಲ್ಲ, ಕರೆತಂದವನಿಗೆ ಉಬ್ಬರದ ಹೊತ್ತಿನ ಪರಿವೆ ಇರಲಿಲ್ಲ. ಇಂಥ ಗುತ್ತಿಗೆದಾರರಿಗೆ ಲೈಸೆನ್ಸ್ ಕಡ್ಡಾಯ ಮಾಡುವ ಕಾನೂನು ಅದೇ ವರ್ಷ ಬ್ರಿಟನ್ನಿನಲ್ಲಿ ಬಂತು.

ಅಲಾಸ್ಕಾದ ಟರ್ನಗೇನ್ ಆರ್ಮ್ ಎಂಬ ಕಡಲ ಚಾಚು ಇನ್ನೂ ಕಠೋರ. ಹಿಮನದಿಗಳು ಬಂಡೆಯನ್ನು ಅರೆದು ಹಿಟ್ಟು ಮಾಡಿ ತಂದು ಸುರಿದ ಹೂಳು ಅಲ್ಲಿನದು. 1988ರಲ್ಲಿ ಒಬ್ಬ ಯುವತಿ, 2023ರಲ್ಲಿ ಇಪ್ಪತ್ತು ವರ್ಷದ ಒಬ್ಬ ಯುವಕ ಅಲ್ಲಿ ಕಾಲು ಸಿಕ್ಕಿ, ಸಹಾಯಕ್ಕೆ ಜನ ಬಂದಿದ್ದರೂ, ಏರಿದ ನೀರಿನಲ್ಲಿ ಮುಳುಗಿ ಸತ್ತರು. ಸಿಕ್ಕಿದವನನ್ನು ಹೆಲಿಕಾಪ್ಟರ್ ಎಳೆದಾಗ ದೇಹ ಎರಡು ತುಂಡಾಯಿತು ಅನ್ನುವ ಕಥೆಯೊಂದು ಅಲ್ಲಿ ಬಹಳ ಕಾಲದಿಂದ ಓಡಾಡುತ್ತಿದೆ. ಅದು ಕಟ್ಟುಕಥೆ. ಆದರೆ ಇಂಥ ಕಥೆ ಹುಟ್ಟಿದ್ದಕ್ಕೆ ಕಾರಣ ಇದೆ, ಹಾಗೆ ಎಳೆಯಬಾರದು ಅನ್ನುವುದು ಮಾತ್ರ ಸತ್ಯ.

ಸಮುದ್ರ ಇಲ್ಲದ ಕಡೆಯೂ ಒಂದು ಉದಾಹರಣೆ ಇದೆ. 2019ರ ಫೆಬ್ರವರಿಯಲ್ಲಿ ಅಮೆರಿಕದ ಯೂಟಾ ರಾಜ್ಯದ ಜಯಾನ್ ರಾಷ್ಟ್ರೀಯ ಉದ್ಯಾನದಲ್ಲಿ ಚಾರಣಕ್ಕೆ ಹೋದ ಒಬ್ಬನ ಕಾಲು ತೊರೆಯ ತಳದ ಮರಳಿನಲ್ಲಿ ಮೊಣಕಾಲ ತನಕ ಹೂತಿತು. ಬರೀ ಮೊಣಕಾಲ ತನಕ! ಜೊತೆಗಿದ್ದವಳು ಕೋಲಿನಿಂದ ತೋಡಿದಳು, ಆಗಲಿಲ್ಲ. ಫೋನಿಗೆ ಸಿಗ್ನಲ್ ಇಲ್ಲದ್ದರಿಂದ ಗಂಟೆಗಟ್ಟಲೆ ನಡೆದು ಹೋಗಿ ಸಹಾಯ ಕರೆದಳು. ಹಿಮ ಬೀಳುತ್ತಿತ್ತು. ರಕ್ಷಣೆಯವರು ರಾಟೆ ಹಗ್ಗ ಕಟ್ಟಿ ಕಾಲು ಬಿಡಿಸಿದರು, ರಾತ್ರಿ ಅಲ್ಲೇ ಕಳೆದರು, ಮರುದಿನ ಹೆಲಿಕಾಪ್ಟರ್ ಬಂತು. ಆತ ಬದುಕಿದ. ಅಷ್ಟು ಹೊತ್ತು ಅವನ ಜೀವಕ್ಕೆ ಕುತ್ತಾಗಿದ್ದದ್ದು ಕೊರೆಯುವ ತಣ್ಣೀರು.

ಇನ್ನು ತಪ್ಪಿಸಿಕೊಳ್ಳುವುದು. ಎಲ್ಲಕ್ಕಿಂತ ಒಳ್ಳೆಯ ಅವಕಾಶ ಮೊದಲ ಎರಡು ಸೆಕೆಂಡಿನಲ್ಲಿ ಇರುತ್ತದೆ. ಕಾಲ ಕೆಳಗೆ ನೆಲ ತುಳುಕಿದ ಹಾಗಾದರೆ ಏನಾಯಿತು ಅಂತ ನಿಂತು ನೋಡಬೇಡಿ. ನಿಂತಷ್ಟೂ ಮರಳು ಕಾಲ ಸುತ್ತ ಕೂರುತ್ತದೆ. ಬಂದ ದಾರಿಯಲ್ಲೇ ಬೇಗ ಬೇಗ, ಹಗುರಾಗಿ ಹಿಂದೆ ಹೆಜ್ಜೆ ಹಾಕಿ. ಮುಂದೆ ಗಟ್ಟಿ ಇರಬಹುದು ಅನ್ನುವುದು ಊಹೆ, ಹಿಂದೆ ಗಟ್ಟಿ ಇತ್ತು ಅನ್ನುವುದು ಅನುಭವ.

ಅಷ್ಟರಲ್ಲಿ ಎರಡೂ ಕಾಲು ಸಿಕ್ಕಿತು ಅಂದುಕೊಳ್ಳಿ. ಬೆನ್ನಿನ ಚೀಲ ಮೊದಲು ಕಳಚಿ, ಆದರೆ ದೂರ ಎಸೆಯಬೇಡಿ, ಅದರ ಮೇಲೆ ಒರಗಲು ಬರುತ್ತದೆ. ಬೂಟಿನಿಂದ ಪಾದ ಬಿಡಿಸಿಕೊಳ್ಳಲು ಆಗುವುದಾದರೆ ಬೂಟು ಅಲ್ಲೇ ಇರಲಿ ಬಿಡಿ, ಅಗಲ ಅಟ್ಟೆಯ ಬೂಟೇ ಹೆಚ್ಚು ಹೀರಿಸಿಕೊಳ್ಳುವುದು. ಎಷ್ಟು ದುಡ್ಡು ಕೊಟ್ಟಿದ್ದೆ ಅಂತ ಆಗ ಲೆಕ್ಕ ಹಾಕಬಾರದು. ಆಮೇಲೆ ನಿಧಾನವಾಗಿ ಹಿಂದಕ್ಕೆ ಕೂತು, ಹಾಗೇ ಬೆನ್ನಿನ ಮೇಲೆ ಒರಗಿ, ಕೈಗಳನ್ನು ಅಗಲಿಸಿ. ಇದು ಎಲ್ಲರಿಗೂ ಮನಸ್ಸಿಗೆ ಒಪ್ಪದ ಕೆಲಸ, ಮುಳುಗುವ ಜಾಗದಲ್ಲಿ ಯಾರು ಮಲಗುತ್ತಾರೆ? ಆದರೆ ಎರಡು ಪಾದಗಳ ಮೇಲಿದ್ದ ತೂಕ ಇಡೀ ಬೆನ್ನಿಗೆ ಹಂಚಿಹೋಗುತ್ತದೆ, ಮತ್ತೆ ಎರಡು ಕಿಲೋದ ಲೀಟರು ನಮ್ಮನ್ನು ಮೇಲೆತ್ತಿ ಹಿಡಿಯುತ್ತದೆ. ಕೈಯಲ್ಲಿ ಕೋಲೋ ಗಳವೋ ಇದ್ದರೆ ಸೊಂಟದ ಹಿಂದೆ ಅಡ್ಡ ಹಾಕಿ ಅದರ ಮೇಲೆ ಒರಗಿ.

ಹೀಗೆ ಒರಗಿದ ಮೇಲೆ ಒಂದು ಕಾಲನ್ನು ಮಾತ್ರ ಸಣ್ಣದಾಗಿ ಅಲ್ಲಾಡಿಸಿ, ಮುಂದೆ ಹಿಂದೆ, ಆಮೇಲೆ ಪುಟ್ಟ ಸುತ್ತಿನಲ್ಲಿ. ಬಲ ಹಾಕಬೇಡಿ. ಕಾಲಿಗೂ ಮರಳಿಗೂ ನಡುವೆ ಕೂದಲೆಳೆಯಷ್ಟು ಸಂದಿ ಆದರೂ ಸಾಕು, ಅದರಲ್ಲಿ ನೀರು ಇಳಿಯುತ್ತದೆ, ಮರಳು ಮತ್ತೆ ಗಂಜಿಯಾಗುತ್ತದೆ, ಕಾಲು ಒಂದಿಷ್ಟು ಮೇಲೆ ಬರುತ್ತದೆ. ಮತ್ತೆ ಅಲ್ಲಾಡಿಸಿ. ಆ ಕಾಲು ಬಂದ ಮೇಲೆ ಇನ್ನೊಂದು. ಅರ್ಧ ಗಂಟೆ ಹಿಡಿಯಬಹುದು, ಒಂದು ಗಂಟೆಯೂ ಹಿಡಿಯಬಹುದು. ಸುಸ್ತಾದರೆ ಹಾಗೇ ಮಲಗಿ ಉಸಿರು ತೆಗೆದುಕೊಳ್ಳಿ, ನಿಂತುಬಿಟ್ಟರೆ ಗಳಿಸಿದ್ದೆಲ್ಲ ಹೋಯಿತು. ಎರಡೂ ಕಾಲು ಬಿಟ್ಟ ಮೇಲೆ ಎದ್ದು ಓಡುವ ಆಸೆ ಆಗುತ್ತದೆ. ಬೇಡ. ಗಟ್ಟಿ ನೆಲ ಕೈಗೆ ಸಿಗುವ ತನಕ ಬೆನ್ನಲ್ಲೇ ಜಾರಿಕೊಂಡೋ ಉರುಳಿಕೊಂಡೋ ಹೋಗಿ. ಮಾನ ಹೋದರೆ ಹೋಗಲಿ.

ಜೊತೆಗೆ ಇದ್ದವರು ಮಾಡಬೇಕಾದ್ದು ಇನ್ನೊಂದು ಕಥೆ. ಓಡಿಹೋಗಿ ಕೈ ಹಿಡಿದರೆ ಸಿಕ್ಕಿಕೊಂಡವರು ಇಬ್ಬರಾಗುತ್ತಾರೆ. ಹೊಟ್ಟೆಯ ಮೇಲೆ ಮಲಗಿ ಹತ್ತಿರ ಹೋಗಿ, ಹಲಗೆ, ಚಾಪೆ, ಕಾರಿನ ಮ್ಯಾಟ್, ಏನಿದೆಯೋ ಅದನ್ನು ದೂಡಿ. ಹಗ್ಗ ಕೊಟ್ಟರೆ ಅದು ಆಸರೆಗೆ, ಜಗ್ಗಲು ಅಲ್ಲ. ಉಬ್ಬರದ ಜಾಗವಾದರೆ ಮೊದಲ ಕೆಲಸ ಫೋನ್, ಕಾಲು ಬಿಡಿಸುವ ಪ್ರಯತ್ನ ಆಮೇಲೆ. ಕಾಯೋಣ, ಬಂದರೂ ಬಂದೀತು ಅಂತ ಕಳೆದ ಹತ್ತು ನಿಮಿಷ ಅಂಥ ಕಡೆ ಬಹಳ ದುಬಾರಿ.

ಪಳಗಿದ ರಕ್ಷಣೆಯವರು ಏನು ಮಾಡುತ್ತಾರೆ ಗೊತ್ತಾ? ಉದ್ದನೆಯ ತೆಳು ಕೊಳವೆಯನ್ನು ಕಾಲಿನ ಪಕ್ಕದಲ್ಲಿ ಮರಳಿಗೆ ಇಳಿಸಿ ಪಂಪಿನಿಂದ ನೀರು ಬಿಡುತ್ತಾರೆ. ಒತ್ತಾಗಿ ಕೂತ ಮರಳು ಮತ್ತೆ ಸಡಿಲವಾಗಿ ಕಾಲು ನಯವಾಗಿ ಬಂದುಬಿಡುತ್ತದೆ. ಅದೇ ಕಾಲಿನ ಬುಡದ ನೀರು! ಮೋರ್‌ಕ್ಯಾಂಬ್‌ನಲ್ಲಿ ಬ್ರಿಟನ್ನಿನ ಲೈಫ್‌ಬೋಟ್ ಸಂಸ್ಥೆ ಹೋವರ್‌ಕ್ರಾಫ್ಟ್ ಇಟ್ಟಿದೆ, ಗಾಳಿಯ ಮೇಲೆ ತೇಲುವ ಗಾಡಿಗೆ ಮರಳಾದರೇನು ನೀರಾದರೇನು. ಇಂಥ ಸಲಕರಣೆ ಇಲ್ಲದ ಕಾಲದಲ್ಲಿ ತೋಳಿನ ಬಲವೇ ಗತಿ. ಇಂಗ್ಲೆಂಡಿನ ಮೇಲೆ ನಾರ್ಮನ್ನರು ದಂಡೆತ್ತಿ ಹೋದ ಕಥೆಯನ್ನು ಹೇಳುವ, ಸುಮಾರು 70 ಮೀಟರ್ ಉದ್ದದ 11ನೇ ಶತಮಾನದ ಬಾಯೂ ಕಸೂತಿ ಪಟದಲ್ಲಿ ಒಂದು ದೃಶ್ಯ ಇದೆ. ಫ್ರಾನ್ಸಿನ ಮೊಂ ಸಾಂ ಮಿಶೆಲ್ ಹತ್ತಿರ ನದಿ ದಾಟುವಾಗ ಮರಳಿನಲ್ಲಿ ಸಿಕ್ಕಿದ ಇಬ್ಬರು ಸೈನಿಕರನ್ನು, ಮುಂದೆ ಇಂಗ್ಲೆಂಡಿನ ರಾಜನಾದ ಹೆರಾಲ್ಡ್ ಎಳೆದು ತರುತ್ತಿದ್ದಾನೆ, ಒಬ್ಬ ಬೆನ್ನ ಮೇಲೆ, ಇನ್ನೊಬ್ಬ ಕೈ ಹಿಡಿದುಕೊಂಡು. ಅದೇ ಮೊಂ ಸಾಂ ಮಿಶೆಲ್‌ನಲ್ಲಿ ಈಗ ಗೈಡುಗಳು ಪ್ರವಾಸಿಗರನ್ನು ಬೇಕಂತಲೇ ಇಂಥ ಮರಳಿಗೆ ಇಳಿಸಿ, ಹೊರಗೆ ಬರುವುದು ಹೇಗೆ ಅಂತ ಕಲಿಸುತ್ತಾರೆ. ಓದುವುದಕ್ಕಿಂತ ಅದು ನೂರು ಪಾಲು ವಾಸಿ.

ಮೊದಲೇ ಗುರುತಿಸುವುದು ಸುಲಭ ಅಂತ ನಾನು ಹೇಳಲಾರೆ. ಮರಳಿನ ಮೇಲೆ ಸಣ್ಣ ಗುಳ್ಳೆ ಏಳುತ್ತಿದ್ದರೆ, ನೀರು ಜಿನುಗುತ್ತಿದ್ದರೆ, ಸುತ್ತಮುತ್ತ ಅಲೆಯ ಗೆರೆಗಳಿದ್ದು ಅದೊಂದು ಜಾಗ ಮಾತ್ರ ನುಣ್ಣಗೆ ಹೊಳೆಯುತ್ತಿದ್ದರೆ ಅನುಮಾನ ಪಡಿ. ಕೋಲೊಂದು ಜೊತೆಗಿರಲಿ, ಮುಂದೆ ಚುಚ್ಚಿ ನೋಡಿ ಹೆಜ್ಜೆ ಇಡಿ.

ನಮ್ಮ ಕಡೆ ಇದೆಲ್ಲ ಎಷ್ಟು ಪ್ರಸ್ತುತ? ಕರ್ನಾಟಕದ ಕರಾವಳಿಯಲ್ಲಿ ಉಬ್ಬರ–ಇಳಿತ ಸುಮಾರು ಎರಡು ಮೀಟರಿನ ಆಸುಪಾಸು ಅಷ್ಟೇ, ಮೋರ್‌ಕ್ಯಾಂಬ್ ಥರದ ಅನಾಹುತಕ್ಕೆ ಇಲ್ಲಿ ಜಾಗ ಕಡಿಮೆ. ನಮ್ಮ ಬೀಚುಗಳಲ್ಲಿ ಜನರನ್ನು ಕೊಲ್ಲುವುದು ಒಳಕ್ಕೆಳೆಯುವ ಸೆಳೆತ. ಭಾರತದಲ್ಲಿ ಮೋರ್‌ಕ್ಯಾಂಬ್‌ಗೆ ಹೋಲಿಸಬಹುದಾದ ಕಡಲು ಗುಜರಾತಿನ ಖಂಭಾತ್ ಕೊಲ್ಲಿ, ಭಾವನಗರದ ಕಡೆ ಏರಿಳಿತ ಹತ್ತು ಮೀಟರ್ ದಾಟುತ್ತದೆ, ಕೆಸರಿನ ಬಯಲೂ ಹಾಗೇ ದೊಡ್ಡದು.

ನಮಗೆ ಹತ್ತಿರದ್ದು ಕೆರೆ ಮತ್ತು ಜಲಾಶಯದ ಹೂಳು. ಬೇಸಿಗೆಯಲ್ಲಿ ನೀರು ಇಂಗಿದಾಗ ಮೇಲೆ ಒಣಗಿ ಬಿರುಕು ಬಿಟ್ಟಿರುತ್ತದೆ, ಒಂದು ಗೇಣು ಕೆಳಗೆ ಹಸಿ ಹೂಳು. ನೀರು ಕುಡಿಯಲು ಹೋದ ದನ, ಎಮ್ಮೆ ಸಿಕ್ಕಿಕೊಳ್ಳುತ್ತವೆ. ಕಾಡಂಚಿನ ಕೆರೆಗಳಲ್ಲಿ ಆನೆ ಸಿಕ್ಕಿ ಅರಣ್ಯ ಇಲಾಖೆಯವರು ಜೆಸಿಬಿ ತಂದು ದಾರಿ ಮಾಡಿಕೊಟ್ಟ ಸುದ್ದಿ ಆಗಾಗ ಬರುತ್ತದೆ. ಹೂಳಿನಲ್ಲಿ ಜೇಡಿ ಜಾಸ್ತಿ, ಮರಳಿನಷ್ಟು ಭಾರ ಇಲ್ಲ, ಆದರೂ ನೀರಿಗಿಂತ ಭಾರವೇ, ಹಾಗಾಗಿ ಒರಗುವ ಉಪಾಯ ಇಲ್ಲೂ ನಡೆಯುತ್ತದೆ. ದನವನ್ನು ಎತ್ತುವಾಗ ಕೊರಳಿಗೂ ಕಾಲಿಗೂ ಹಗ್ಗ ಕಟ್ಟಿ ಎಳೆಯಬೇಡಿ. ಸುತ್ತ ತೋಡಿ, ಕಾಲಿನ ಬುಡಕ್ಕೆ ನೀರು ಹಾಯಿಸಿ, ಹೊಟ್ಟೆಯ ಕೆಳಗೆ ಅಗಲ ಪಟ್ಟಿ ಹಾಕಿ ಎತ್ತಬೇಕು.

ಒಂದನ್ನು ಮಾತ್ರ ಇದರ ಜೊತೆ ಬೆರೆಸಬೇಡಿ. ಮರಳು ತೆಗೆದ ನದಿಗಳಲ್ಲಿ ನೀರಿನ ಕೆಳಗೆ ಗುಂಡಿಗಳಿರುತ್ತವೆ. ಮೊಣಕಾಲ ನೀರಿನಲ್ಲಿ ನಡೆಯುತ್ತಿದ್ದವರು ಮುಂದಿನ ಹೆಜ್ಜೆಗೆ ತಲೆ ಮುಳುಗುವಷ್ಟು ಆಳಕ್ಕೆ ಹೋಗುತ್ತಾರೆ. ಮರಳು ಎಳೆದುಕೊಂಡಿತು ಅಂತ ಜನ ಹೇಳುತ್ತಾರೆ, ನಿಜವಾಗಿ ಅಲ್ಲಿ ಹಿಡಿದುಕೊಳ್ಳಲು ಮರಳೇ ಇರುವುದಿಲ್ಲ, ಬರೀ ನೀರು. ಮೇಲೆ ಹೇಳಿದ ಯಾವ ಉಪಾಯವೂ ಅಲ್ಲಿ ನಡೆಯುವುದಿಲ್ಲ, ಈಜು ಬರಬೇಕು ಅಥವಾ ಆ ಕಡೆ ಇಳಿಯಲೇಬಾರದು.

ಹೂಳಿನಲ್ಲೋ ಮರಳಿನಲ್ಲೋ ಕಾಲು ಸಿಕ್ಕಿ ಒಬ್ಬರೇ ಇದ್ದರೆ 112ಕ್ಕೆ ಫೋನ್ ಮಾಡಿ. ಫೋನ್ ಪ್ಯಾಂಟಿನ ಜೇಬಿನಲ್ಲಿ ಇಡುವವರೇ ಹೆಚ್ಚು, ಕೆಸರು ತಲುಪುವುದೂ ಮೊದಲು ಅಲ್ಲಿಗೇ. ಹಿಂದಕ್ಕೆ ಒರಗುವ ಮೊದಲು ಅದನ್ನು ತೆಗೆದು ಶರ್ಟಿನ ಜೇಬಿಗೆ ಹಾಕಿಕೊಳ್ಳಿ, ಜೇಬಿಗೆ ಗುಂಡಿ ಇದ್ದರೆ ಗುಂಡಿಯೂ ಹಾಕಿ.